ಟೊಯೊಕಾವಾ ಶಿಂಕಿನ್ ಬ್ಯಾಂಕ್, 1973ರ ಡಿಸೆಂಬರ್: ಗಾಳಿಸುದ್ದಿ ಬಡಿದ ವಾರದಲ್ಲಿ ಸರ್ವಿಸ್ ಹೇಗಿತ್ತು?

ಬ್ಯಾಂಕಿನ ರಿವ್ಯೂ ಅಂದ್ರೆ ಜನ ಸಾಮಾನ್ಯವಾಗಿ ಬರೆಯೋದು ಪಾಸ್‌ಬುಕ್ ಪ್ರಿಂಟರ್ ಕೆಟ್ಟಿತ್ತು, ಮ್ಯಾನೇಜರ್ ಸೀಟಲ್ಲಿ ಇರ್ಲಿಲ್ಲ, ಮೂರು ಕೌಂಟರಲ್ಲಿ ಒಂದೇ ತೆಗೆದಿದ್ರು, ಇಂಥದ್ದೇ. ಅದೂ ಬೇಕು, ಬೇಡ ಅನ್ನಲ್ಲ. ಆದ್ರೆ ಒಂದು ಬ್ಯಾಂಕಿನ ಸರ್ವಿಸ್ ನಿಜವಾಗ್ಲೂ ಹೇಗಿದೆ ಅಂತ ಗೊತ್ತಾಗೋದು ಊರಿನ ಖಾತೆದಾರರೆಲ್ಲ ಒಂದೇ ದಿನ ಬಂದು ನಮ್ಮ ದುಡ್ಡು ನಮಗೆ ಕೊಡಿ ಅಂತ ಕೌಂಟರ್ ಮುಂದೆ ನಿಂತಾಗ. ಅಂಥ ದಿನ ಬಹಳ ಬ್ಯಾಂಕುಗಳಿಗೆ ಬರೋದೇ ಇಲ್ಲ, ಬಂದ ಬ್ಯಾಂಕುಗಳಲ್ಲಿ ಎಷ್ಟೋ ಆಮೇಲೆ ಉಳಿಯೋದೂ ಇಲ್ಲ. ಬಂದೂ ಉಳಿದಿದ್ದು ಜಪಾನಿನ ಐಚಿ ಪ್ರಾಂತ್ಯದ ಟೊಯೊಕಾವಾ ಶಿಂಕಿನ್. ಬ್ಯಾಂಕು ಮುಳುಗತ್ತೆ ಅನ್ನೋ ಶುದ್ಧ ಸುಳ್ಳು ಸುದ್ದಿಗೆ 1973ರ ಡಿಸೆಂಬರ್‌ನಲ್ಲಿ ಅಲ್ಲಿಂದ ಎರಡು ವಾರದೊಳಗೆ ಸುಮಾರು 140 ಕೋಟಿ ಯೆನ್ ಹೊರಗೆ ಹೋಯ್ತು, 200 ಕೋಟಿ ಅಂತಾನೂ ಒಂದು ಲೆಕ್ಕ ಇದೆ. ನಾನು ವರ್ಷಗಟ್ಟಲೆ ಕ್ಯಾಶ್ ಕೌಂಟರ್ ಒಳಗೆ ಕೂತು ಕೆಲಸ ಮಾಡಿದವನು, ಹಾಗಾಗಿ ಈ ಕಥೆ ಓದಿದಾಗೆಲ್ಲ ನನ್ನ ಕಣ್ಣು ಹೋಗೋದು ಕ್ಯೂ ಕಡೆಗಲ್ಲ, ಗಾಜಿನ ಈಚೆಗೆ ಕೂತವರು ಏನು ಮಾಡಿದ್ರು ಅನ್ನೋ ಕಡೆಗೆ. ಆ ಲೆಕ್ಕದಲ್ಲೇ ಈ ರಿವ್ಯೂ.

ಮೊದಲು ಇದು ಎಂಥ ಬ್ಯಾಂಕು ಅಂತ ಹೇಳ್ಬಿಡ್ತೀನಿ. ಶಿಂಕಿನ್ ಅಂದ್ರೆ ಒಂದು ಊರು, ಅದರ ಸುತ್ತಮುತ್ತ, ಅಷ್ಟಕ್ಕೇ ಅಂತ ಇರೋ ಸಹಕಾರಿ ಥರದ ಬ್ಯಾಂಕು, ನಮ್ಮಲ್ಲಿ ಪಟ್ಟಣ ಸಹಕಾರಿ ಬ್ಯಾಂಕ್ ಇರತ್ತಲ್ಲ, ಹೆಚ್ಚುಕಮ್ಮಿ ಆ ಜಾತಿ. ಸದಸ್ಯರು ಊರಿನವರೇ, ಡೆಪಾಸಿಟ್ ಇಡೋರೂ ಊರಿನವರೇ, ಸಾಲ ತಗೊಳ್ಳೋರು ಅಲ್ಲಿನ ಅಂಗಡಿಯವರು, ಸಣ್ಣಪುಟ್ಟ ಕಾರ್ಖಾನೆಯವರು. ಇಂಥ ಬ್ಯಾಂಕಲ್ಲಿ ಕೌಂಟರ್ ಹಿಂದೆ ಕೂತವರ ಮನೆ ಯಾವುದು ಅಂತ ಮುಂದೆ ನಿಂತವರಿಗೆ ಗೊತ್ತಿರತ್ತೆ, ಇದೇ ಅದರ ಬಲ, ಆ ಡಿಸೆಂಬರ್‌ನಲ್ಲಿ ಇದೇ ಅದಕ್ಕೆ ಮುಳುವಾಯ್ತು, ಯಾಕಂದ್ರೆ ಬ್ಯಾಂಕಿನ ವಿಷಯ ಊರಲ್ಲಿ ಯಾರಿಗೂ ದೂರದ ವಿಷಯ ಆಗಿರ್ಲಿಲ್ಲ.

ಕಾಲವೂ ಹಾಗೇ ಇತ್ತು. ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿ ಮಾಡಿದ್ವು, ನವೆಂಬರ್ ಶುರುವಲ್ಲಿ ಒಸಾಕಾ ಹತ್ತಿರದ ಸೆನ್ರಿ ಅನ್ನೋ ಬಡಾವಣೆಯಲ್ಲಿ ಟಾಯ್ಲೆಟ್ ಪೇಪರ್ ಸಿಗಲ್ಲವಂತೆ ಅಂತ ಜನ ಅಂಗಡಿಗೆ ನುಗ್ಗಿದ್ರು, ಅದು ದೇಶ ಪೂರ್ತಿ ಹಬ್ಬಿತು. ಅಂದ್ರೆ ತಿಂಗಳ ಹಿಂದಷ್ಟೇ ಜಪಾನಿನ ಮಧ್ಯಮ ವರ್ಗದ ಮನೆಗಳು ಒಂದು ಪಾಠ ಕಲ್ತಿದ್ವು, ಸುದ್ದಿ ನಿಜವೋ ಸುಳ್ಳೋ ಅಂತ ವಿಚಾರಿಸ್ತಾ ಕೂತವರಿಗೆ ಕೊನೆಗೆ ಕೈಗೆ ಏನೂ ಸಿಗಲ್ಲ, ಮೊದಲು ಓಡಿದವರಿಗೆ ಸಿಗತ್ತೆ. ಇದರ ಜತೆಗೆ ಈ ಸುದ್ದಿ ಬೇರೂರಿದ ಕೊಜಾಕಾಯಿ ಅನ್ನೋ ಪುಟ್ಟ ಟೌನಿನ ಪಕ್ಕದ ಟೊಯೊಹಾಶಿಯಲ್ಲಿ ಏಳು ವರ್ಷದ ಹಿಂದೆ, 1966ರಲ್ಲಿ, ಒಂದು ಫೈನಾನ್ಸ್ ಕಂಪನಿ ನಿಜವಾಗ್ಲೂ ಮುಳುಗಿ ಜನರ ದುಡ್ಡು ಹೋಗಿತ್ತು. ಈ 1966ರ ವಿಷಯ ನೆನಪಲ್ಲಿಟ್ಟುಕೊಳ್ಳಿ, ನನ್ನ ಪ್ರಕಾರ ಇಡೀ ಕಥೆಯ ಕೀಲಿ ಇರೋದು ಅಲ್ಲೇ.

ಸುದ್ದಿ ಹುಟ್ಟಿದ್ದು ಡಿಸೆಂಬರ್ 8, ಶನಿವಾರ ಬೆಳಗ್ಗೆ, ಇಯಿದಾ ಲೈನಿನ ಟ್ರೇನಲ್ಲಿ. ಹೈಸ್ಕೂಲ್ ಮುಗಿಸೋ ಹಂತದಲ್ಲಿದ್ದ ಮೂರು ಜನ ಹುಡುಗೀರು ಸ್ಕೂಲಿಗೆ ಹೋಗ್ತಿದ್ರು, ಅವರಲ್ಲಿ ಒಬ್ಬಳಿಗೆ ಟೊಯೊಕಾವಾ ಶಿಂಕಿನ್‌ನಲ್ಲಿ ಕೆಲಸ ಆಗಿತ್ತು. ಉಳಿದಿಬ್ಬರು ರೇಗಿಸಿದ್ರು, ಶಿಂಕಿನ್ ಕೆಲಸ ಅಪಾಯ ಕಣೇ ಅಂತ, ಅವರ ತಲೇಲಿ ಇದ್ದದ್ದು ಬ್ಯಾಂಕ್ ದರೋಡೆ. ಆ ಹುಡುಗಿ ಅದನ್ನ ಸೀರಿಯಸ್ಸಾಗಿ ತಗೊಂಡು ಸಂಜೆ ತಾನಿದ್ದ ಸಂಬಂಧಿಕರ ಮನೇಲಿ ಕೇಳಿದ್ಲು, ಶಿಂಕಿನ್ ಅಪಾಯವಂತೆ ಹೌದಾ ಅಂತ. ಅವರಿಗೂ ಗೊತ್ತಿಲ್ಲ, ಬ್ಯಾಂಕಿನ ಹೆಡ್ ಆಫೀಸ್ ಹತ್ತಿರ ಇರೋ ಇನ್ನೊಬ್ಬ ಸಂಬಂಧಿಗೆ ಫೋನ್ ಮಾಡಿ ಟೊಯೊಕಾವಾ ಶಿಂಕಿನ್ ಅಪಾಯದಲ್ಲಿದೆಯಾ ಅಂತ ವಿಚಾರಿಸಿದ್ರು. ಅವರು ಮಾರನೇ ದಿನ ಬ್ಯೂಟಿ ಪಾರ್ಲರ್ ನಡೆಸೋರ ಹತ್ತಿರ ಪ್ರಸ್ತಾಪ ಮಾಡಿದ್ರು, ಪಾರ್ಲರಿನವರು ತಮ್ಮ ಸಂಬಂಧಿಕರಿಗೆ ಹೇಳಿದ್ರು, ಆ ಮಾತು ಒಬ್ಬ ಡ್ರೈ ಕ್ಲೀನಿಂಗ್ ಅಂಗಡಿಯವರ ಕಿವಿಗೆ ಬಿತ್ತು, ಅವರು ಹೆಂಡತಿಗೆ ಹೇಳಿದ್ರು. ಇಷ್ಟು ದೂರ ಬರೋ ಅಷ್ಟೊತ್ತಿಗೆ ದರೋಡೆ ಬಿದ್ದೇಹೋಗಿತ್ತು, ಅಪಾಯ ಅನ್ನೋದು ಮಾತ್ರ ಉಳ್ಕೊಂಡಿತ್ತು. ಗಮನಿಸಿ, ಇಲ್ಲಿವರೆಗೆ ಒಬ್ಬರೂ ಸುಳ್ಳು ಹೇಳಿಲ್ಲ, ಎಲ್ಲರೂ ಕೇಳಿದ್ದನ್ನ ಕೇಳಿದ ಹಾಗೇ ದಾಟಿಸಿದ್ದಾರೆ, ಹೆಚ್ಚಿನವರು ದಾಟಿಸಿದ್ದೂ ಪ್ರಶ್ನೆ ರೂಪದಲ್ಲೇ.

ಡಿಸೆಂಬರ್ 11, 12ಕ್ಕೆ ಊರಲ್ಲಿ ಅಲ್ಲಲ್ಲಿ ಗುಸುಗುಸು ಇತ್ತು, ಆದ್ರೆ ಬ್ಯಾಂಕಿಗೆ ಯಾರೂ ಓಡಿರ್ಲಿಲ್ಲ. ಓಡಿದ್ದು 13ಕ್ಕೆ, ಗುರುವಾರ. ಅವತ್ತು ಆ ಡ್ರೈ ಕ್ಲೀನಿಂಗ್ ಅಂಗಡಿಗೆ ಒಬ್ಬರು ಬಂದು ಒಂದು ಫೋನ್ ಮಾಡ್ಕೋತೀನಿ ಅಂತ ಕೇಳಿದ್ರು. ಮಾಡಿದ್ರು, ಫೋನಿನ ಆ ಕಡೆಯವರಿಗೆ ಟೊಯೊಕಾವಾ ಶಿಂಕಿನ್‌ನಿಂದ 12 ಲಕ್ಷ ಯೆನ್ ಡ್ರಾ ಮಾಡಿ ಅಂತ ಹೇಳಿದ್ರು. ಅವರಿಗೆ ಈ ಗುಸುಗುಸು ಗೊತ್ತೇ ಇರ್ಲಿಲ್ಲ, ವ್ಯಾಪಾರಕ್ಕೆ ದುಡ್ಡು ಬೇಕಿತ್ತು ಅಷ್ಟೇ. ಆದ್ರೆ ಅಲ್ಲೇ ನಿಂತಿದ್ದ ಅಂಗಡಿಯ ಯಜಮಾನತಿ ಕೇಳಿಸ್ಕೊಂಡ್ರು. ಮೂರು ದಿನದಿಂದ ತಲೇಲಿ ಕೊರೀತಿದ್ದ ಅನುಮಾನಕ್ಕೆ ಕಣ್ಣೆದುರಿಗೇ ಸಾಕ್ಷಿ ಸಿಕ್ಕ ಹಾಗಾಯ್ತು. ಅದೂ ಅಲ್ದೆ 1966ರಲ್ಲಿ ಆ ಫೈನಾನ್ಸ್ ಕಂಪನಿ ಮುಳುಗಿದಾಗ ದುಡ್ಡು ಕಳ್ಕೊಂಡವರಲ್ಲಿ ಈ ಅಂಗಡಿಯವರೂ ಒಬ್ಬರು. ಅವರು ಆ ಕೂಡಲೇ ಹೋಗಿ ತಮ್ಮ 18 ಲಕ್ಷ ಯೆನ್ ತೆಗೆದ್ರು. ತೆಗೆದು ಸುಮ್ಮನೆ ಮನೆಗೆ ಹೋಗ್ಲಿಲ್ಲ, ಗೊತ್ತಿದ್ದವರಿಗೆಲ್ಲ ಫೋನ್ ಮಾಡಿ ಎಚ್ಚರಿಸಿದ್ರು, ನಮಗಾದದ್ದು ಬೇರೆಯವರಿಗೆ ಆಗಬಾರದು ಅಂತ. ಹಾಗೆ ಸುದ್ದಿ ಸಿಕ್ಕವರಲ್ಲಿ ಹ್ಯಾಮ್ ರೇಡಿಯೋ, ಅಂದ್ರೆ ಮನೆಯಿಂದಲೇ ವೈರ್‌ಲೆಸ್ಸಲ್ಲಿ ಮಾತಾಡೋ ಹವ್ಯಾಸದವರೂ ಇದ್ರು, ಅಲ್ಲಿಂದ ಅದಕ್ಕೆ ರೆಕ್ಕೆ ಬಂತು. ನಮ್ಮ ಕಾಲದ ವಾಟ್ಸಾಪ್ ಗ್ರೂಪು ಆವಾಗಲೇ ಇತ್ತು, ರೂಪ ಬೇರೆ.

ಆ 18 ಲಕ್ಷ ಅಂದ್ರೆ ಹತ್ತು ಸಾವಿರದ ನೋಟಲ್ಲಿ ಬರೀ 180 ನೋಟು. ಹತ್ತು ಸಾವಿರ ಯೆನ್‌ನ ನೂರು ನೋಟಿನ ಒಂದು ಕಟ್ಟು ಒಂದು ಸೆಂಟಿಮೀಟರ್ ದಪ್ಪ ಬರತ್ತೆ, ಎರಡು ಸೆಂಟಿಮೀಟರ್ ಕೂಡ ಇಲ್ಲದ ಕಟ್ಟು, ಕೈಚೀಲದಲ್ಲಿ ಹಾಕ್ಕೊಂಡು ಹೋದ್ರೆ ಗೊತ್ತೂ ಆಗಲ್ಲ. ಅವತ್ತು ಕೊಜಾಕಾಯಿ ಬ್ರಾಂಚಿಂದ 59 ಜನ ಸುಮಾರು 5 ಕೋಟಿ ಯೆನ್ ತೆಗೆದ್ರು ಅಂತ ದಾಖಲೆ ಇದೆ, ತಲಾ ಎಂಟೂವರೆ ಲಕ್ಷ ಅಂದ್ಕೊಳ್ಳಿ. ಐವತ್ತೊಂಬತ್ತು ಜನ ಅಂದ್ರೆ ನಮ್ಮ ಲೆಕ್ಕದಲ್ಲಿ ಜಾತ್ರೆ ಏನಲ್ಲ, ಸಂಬಳದ ದಿನ ಅದಕ್ಕಿಂತ ಜಾಸ್ತಿ ಜನ ಬರ್ತಾರೆ. ಆದ್ರೆ ಕ್ಯಾಷಿಯರ್ ಆದವನಿಗೆ ಜನರ ಸಂಖ್ಯೆ ಭಯ ಹುಟ್ಸಲ್ಲ, ಸ್ಲಿಪ್ಪಿನಲ್ಲಿ ಬರೆದ ಮೊತ್ತ ಹುಟ್ಸತ್ತೆ. ಬಂದವರೆಲ್ಲ ಇದ್ದಷ್ಟೂ ಬರೆದು ಕೊಡ್ತಿದ್ದಾರೆ ಅಂದಾಗ ಬೆನ್ನಲ್ಲಿ ಚಳಿ ಶುರುವಾಗತ್ತೆ.

ಅವತ್ತು ಊರಿನ ಮಾತು ಹೇಗೆ ಬೆಳೀತು ಅನ್ನೋದಕ್ಕೆ ಒಬ್ಬ ಟ್ಯಾಕ್ಸಿ ಡ್ರೈವರ್ ಆಮೇಲೆ ಹೇಳಿದ್ದು ಇದೆ, ನನಗೆ ಇಡೀ ಘಟನೆಯಲ್ಲಿ ಅತಿ ಬೆಲೆಬಾಳೋ ದಾಖಲೆ ಅದು. ಮಧ್ಯಾಹ್ನದ ಹೊತ್ತಿಗೆ ಹತ್ತಿದ ಪ್ಯಾಸೆಂಜರ್ ಬ್ಯಾಂಕು ಅಪಾಯದಲ್ಲಿದೆಯಂತೆ ಅಂದ್ರು. ಎರಡೂವರೆಗೆ ಹತ್ತಿದವರು ಅಪಾಯದಲ್ಲಿದೆ ಅಂದ್ರು. ನಾಲ್ಕೂವರೆ ಹೊತ್ತಿಗೆ ಮುಳುಗತ್ತೆ ಅನ್ನೋ ಮಾತು ಬಂತು. ರಾತ್ರಿ ಹತ್ತಿದವರು ನಾಳೆ ಅದರ ಶಟರ್ ಮೇಲೇಳಲ್ಲ ಅಂದ್ರು. ಅಂತೆ ಅನ್ನೋದು ಉದುರೋಕೆ ಎರಡೂವರೆ ಗಂಟೆ, ಶಟರ್ ಎಳೆಯೋಕೆ ಒಂದು ದಿನ. ಈ ಮಧ್ಯೆ ಬ್ಯಾಂಕಿನ ಲೆಕ್ಕಪುಸ್ತಕದಲ್ಲಿ ಏನೂ ಬದಲಾಗಿರ್ಲಿಲ್ಲ, ಬದಲಾಗಿದ್ದು ಜನ ದುಡ್ಡು ತಗೊಂಡು ಹೋಗಿದ್ದು ಒಂದೇ.

ಈಗ ಸರ್ವಿಸ್ ವಿಷಯಕ್ಕೆ ಬರ್ತೀನಿ.

ಮೊದಲನೇದು, ಕೊಟ್ರಾ ಇಲ್ವಾ? ಕೊಟ್ರು. ಕೇಳಿದವರಿಗೆ ದುಡ್ಡು ಹೋಯ್ತು. ಇದು ಸಣ್ಣ ವಿಷಯ ಅಲ್ಲ ಸ್ವಾಮಿ. ಯಾವ ಬ್ಯಾಂಕೂ ಇಟ್ಟ ದುಡ್ಡನ್ನ ಹಾಗೇ ತಿಜೋರಿಯಲ್ಲಿ ಇಟ್ಕೊಂಡು ಕೂರಲ್ಲ, ಅದು ಸಾಲವಾಗಿ ಹೋಗಿರತ್ತೆ, ಯಾರದ್ದೋ ಅಂಗಡಿಯ ಸ್ಟಾಕಲ್ಲಿ, ಯಾರದ್ದೋ ಲೇತ್ ಮೆಷಿನಲ್ಲಿ ಇರತ್ತೆ, ಅದನ್ನ ಗುರುವಾರ ಹೇಳಿ ಶುಕ್ರವಾರ ವಾಪಸ್ ತರೋಕಾಗಲ್ಲ. ಹಾಗಾಗಿ ಗಟ್ಟಿ ಬ್ಯಾಂಕ್ ಕೂಡ ಒಂದೇ ದಿನ ಎಲ್ಲರಿಗೂ ಕೊಡೋಕಾಗಲ್ಲ, ಹೊರಗಿಂದ ನಗದು ಬರಲೇಬೇಕು. ನಮ್ಮ ರಿಸರ್ವ್ ಬ್ಯಾಂಕ್ ಥರ ಅಲ್ಲಿನ ಕೇಂದ್ರ ಬ್ಯಾಂಕು ಬ್ಯಾಂಕ್ ಆಫ್ ಜಪಾನ್, ಅದರ ನಗೋಯಾ ಬ್ರಾಂಚ್ ಕಡೆಯಿಂದ ಆ ವ್ಯವಸ್ಥೆ ಆಯ್ತು. ಇಂಥ ಹೊತ್ತಲ್ಲಿ ತಲಾ ಇಷ್ಟೇ ಕೊಡ್ತೀವಿ ಅಂತ ಮಿತಿ ಹಾಕೋದು, ಸರ್ವರ್ ಇಲ್ಲ ಅನ್ನೋದು, ನಾಳೆ ಬನ್ನಿ ಅನ್ನೋದು, ಇದು ಕೌಂಟರಿನವರಿಗೆ ಬರೋ ಮೊದಲ ಯೋಚನೆ. ಆದ್ರೆ ಒಬ್ಬರನ್ನ ಬರಿಗೈಲಿ ಕಳಿಸಿದ್ರೂ ಅವರು ಮನೆಗೆ ಹೋಗೋ ದಾರೀಲಿ ಸಿಕ್ಕ ಹತ್ತು ಜನಕ್ಕೆ ಹೇಳ್ತಾರೆ, ಕೈಯಲ್ಲಿ ದುಡ್ಡು ಹಿಡ್ಕೊಂಡು ಹೋದವರು ಹಾಗೆ ಹೇಳೋಕೆ ಕಾರಣ ಇರಲ್ಲ. ಈ ವಿಷಯಕ್ಕೆ ಬ್ಯಾಂಕಿಗೆ ಪೂರ್ತಿ ಮಾರ್ಕ್ಸ್.

ಹೇಳಿಕೆ ವಿಷಯದಲ್ಲಿ ಮಾರ್ಕ್ಸ್ ಕಡಿಮೆ. 14ಕ್ಕೆ ಗಲಾಟೆ ಹೆಚ್ಚಾದಾಗ ಬ್ಯಾಂಕು ಜನರನ್ನ ಸಮಾಧಾನ ಮಾಡೋಕೆ ತನ್ನ ಕಡೆಯಿಂದ ಹೇಳಿಕೆ ಕೊಡ್ತು, ಆದ್ರೆ ಜನ ಅದನ್ನ ಬೇರೆ ಥರ ತಿರುಗಿಸ್ಕೊಂಡ್ರು, ಅದರಿಂದ ಮರಿ ಸುದ್ದಿಗಳು ಹುಟ್ಟಿದ್ವು. ಸಿಬ್ಬಂದಿ ದುಡ್ಡು ನುಂಗಿದ್ದಾರೆ, ಒಬ್ಬ 50 ಕೋಟಿ ಯೆನ್ ಎತ್ತಿಕೊಂಡು ಓಡಿಹೋಗಿದ್ದಾನೆ, ಬ್ಯಾಂಕಿನ ಅಧ್ಯಕ್ಷರು ಆತ್ಮಹತ್ಯೆ ಮಾಡ್ಕೊಂಡಿದ್ದಾರೆ, ಹೀಗೆ. ಬ್ಯಾಂಕ್ ಚೆನ್ನಾಗಿದೆ ಅಂತ ಬ್ಯಾಂಕೇ ಹೇಳಿದ್ರೆ ಯಾರು ನಂಬ್ತಾರೆ ಹೇಳಿ, ಮುಳುಗೋ ಬ್ಯಾಂಕೂ ಮುಳುಗೋ ಹಿಂದಿನ ದಿನದವರೆಗೂ ಅದನ್ನೇ ಹೇಳ್ತಿರತ್ತೆ. ಅನುಮಾನ ಇರೋ ಜಾಗದಲ್ಲಿ ನೀವು ಕೊಡೋ ಪ್ರತಿ ವಿವರಣೆಯೂ ಇನ್ನೊಂದು ಪ್ರಶ್ನೆ ಹುಟ್ಟಿಸತ್ತೆ, ಯಾಕೆ ಇವರು ಇಷ್ಟೊಂದು ಹೇಳ್ತಿದ್ದಾರೆ ಅಂತ. ನನ್ನ ಕೇಳಿದ್ರೆ ಬ್ಯಾಂಕು ತನ್ನ ಬಾಯಿಂದ ಒಂದೇ ಒಂದು ಸಾಲು ಹೇಳ್ಬೇಕಿತ್ತು, ಬಂದವರಿಗೆಲ್ಲ ಕೊಡ್ತೀವಿ, ಮಿಕ್ಕಿದ್ದನ್ನ ಬೇರೆಯವರ ಬಾಯಿಂದ ಹೇಳಿಸ್ಬೇಕಿತ್ತು.

ಕೊನೆಗೆ ಆಗಿದ್ದೂ ಅದೇ. ಬ್ಯಾಂಕಿನ ಕೋರಿಕೆ ಮೇಲೆ ಪತ್ರಿಕೆ, ಟೀವಿಯವರು 14ರ ಸಂಜೆಯಿಂದ 15ರ ಬೆಳಗಿನ ತನಕ ಇದು ಬರೀ ಗಾಳಿಸುದ್ದಿ ಅಂತ ಪ್ರಸಾರ ಮಾಡಿದ್ರು, ಬ್ಯಾಂಕ್ ಆಫ್ ಜಪಾನ್ ಅಧಿಕಾರಿಗಳು ಪತ್ರಿಕಾಗೋಷ್ಠಿ ಕರೆದು ಈ ಬ್ಯಾಂಕಿನ ವ್ಯವಹಾರದಲ್ಲಿ ತೊಂದರೆ ಇಲ್ಲ ಅಂದ್ರು, ಹಣಕಾಸು ಸಚಿವಾಲಯದ ಕಡೆಯಿಂದಲೂ ಭರವಸೆ ಬಂತು. ಇದು ತೂಕ ಇರೋ ಮಾತು, ಯಾಕಂದ್ರೆ ಬ್ಯಾಂಕ್ ಆಫ್ ಜಪಾನ್ ತಾನೇ ನೋಟು ಕೊಡೋದು, ಅದು ಕೊಡ್ತೀನಿ ಅಂದ ಮೇಲೆ ನೋಟು ಮುಗಿಯತ್ತೆ ಅನ್ನೋ ಪ್ರಶ್ನೆ ಇಲ್ಲ.

ಆದ್ರೆ ನನಗೆ ಅತಿ ಹೆಚ್ಚು ಹಿಡಿಸಿದ್ದು ಎರಡು ಕೆಲಸ, ಎರಡರಲ್ಲೂ ಮಾತೇ ಇಲ್ಲ. ಒಂದು, ಆತ್ಮಹತ್ಯೆ ಮಾಡ್ಕೊಂಡ್ರು ಅಂತ ಊರೆಲ್ಲ ಮಾತಾಡ್ತಿದ್ದ ಅಧ್ಯಕ್ಷರು ತಾವೇ ಬಂದು ಕೌಂಟರ್ ಹತ್ತಿರ ನಿಂತು ಗ್ರಾಹಕರನ್ನ ಮಾತಾಡಿಸಿದ್ರು. ಸತ್ತಿದ್ದಾರೆ ಅನ್ನೋ ಸುದ್ದಿಗೆ ಎದುರಿಗೆ ಬಂದು ನಿಲ್ಲೋದಕ್ಕಿಂತ ದೊಡ್ಡ ಉತ್ತರ ಬೇರೆ ಯಾವುದಿದೆ? ಮೇಲಿನವರು ಮೇಲಿನ ಮಹಡಿಯಲ್ಲಿ ಬಾಗಿಲು ಹಾಕ್ಕೊಂಡು ಮೀಟಿಂಗ್ ಮಾಡ್ತಾ, ಕೆಳಗೆ ಹೊಸದಾಗಿ ಸೇರಿದ ಹುಡುಗರು ಬೈಸ್ಕೊಳ್ಳೋ ಬ್ಯಾಂಕುಗಳೂ ಇದ್ದಾವೆ, ಅದಕ್ಕೇ ಈ ಅಧ್ಯಕ್ಷರ ಬಗ್ಗೆ ನನಗೆ ನಿಜವಾದ ಗೌರವ.

ಎರಡನೇದು ಆ ನೋಟಿನ ಗೋಡೆ. ಹೆಡ್ ಆಫೀಸಿನ ದೊಡ್ಡ ತಿಜೋರಿ ಮುಂದೆ, ಬಂದವರ ಕಣ್ಣಿಗೆ ಬೀಳೋ ಹಾಗೆ, ಬ್ಯಾಂಕ್ ಆಫ್ ಜಪಾನ್‌ನಿಂದ ಬಂದ ನಗದನ್ನ ಒಂದು ಮೀಟರ್ ಎತ್ತರ, ಐದು ಮೀಟರ್ ಅಗಲಕ್ಕೆ ಪೇರಿಸಿಟ್ರು. ಕ್ಯಾಷಿಯರ್ ಆಗಿ ಹೇಳ್ತೀನಿ, ನಾವು ಜೀವಮಾನ ಪೂರ್ತಿ ಕಲಿಯೋದು ದುಡ್ಡನ್ನ ಮರೆ ಮಾಡೋದು, ಡ್ರಾಯರ್ ತೆಗೆದಿಟ್ಟು ಏಳಬಾರದು, ಕಟ್ಟು ಕೌಂಟರ್ ಮೇಲೆ ಇಡಬಾರದು, ಸ್ಟ್ರಾಂಗ್ ರೂಮ್ ಬಾಗಿಲು ಗ್ರಾಹಕರ ಕಣ್ಣಿಗೆ ಬೀಳಬಾರದು. ಇವರು ಅದನ್ನ ಪೂರ್ತಿ ಉಲ್ಟಾ ಮಾಡಿದ್ರು. ಲೆಕ್ಕ ಹಾಕಿ ನೋಡಿ, ಎಲ್ಲಾ ಹತ್ತು ಸಾವಿರದ ನೋಟೇ ಆಗಿದ್ರೆ ಒಂದು ಮೀಟರ್ ಎತ್ತರದ ಒಂದೇ ಒಂದು ಕಂಬದಲ್ಲಿ ನೂರು ಕಟ್ಟು, ಅಂದ್ರೆ 10 ಕೋಟಿ ಯೆನ್. 13ನೇ ತಾರೀಕು ಕೊಜಾಕಾಯಿ ಬ್ರಾಂಚಿಂದ ಹೋದದ್ದು 5 ಕೋಟಿ. ಅಂಥ ಒಂದು ಕಂಬಕ್ಕೆ ಅಂಥ ಎರಡು ದಿನ ತಡೆಯೋ ಶಕ್ತಿ ಇತ್ತು, ಇಲ್ಲಿ ಐದು ಮೀಟರ್ ಉದ್ದಕ್ಕೂ ಕಂಬಗಳು. ಕ್ಯೂನಲ್ಲಿ ನಿಂತವರು ಯಾರೂ ಹೀಗೆ ಗುಣಾಕಾರ ಮಾಡಿರಲ್ಲ, ಮಾಡೋದೂ ಬೇಕಿಲ್ಲ, ನನ್ನ ಪುಸ್ತಕದಲ್ಲಿರೋ ಹದಿನೆಂಟು ಲಕ್ಷ ಆ ಗೋಡೆಯ ಮುಂದೆ ಎಷ್ಟು ಸಣ್ಣದು ಅಂತ ಕಣ್ಣಿಗೇ ಗೊತ್ತಾಗತ್ತೆ. ಕ್ಯೂ ನೋಡಿ ಹೆದರಿದವರಿಗೆ ಕ್ಯೂಗಿಂತ ದೊಡ್ಡದನ್ನ ತೋರಿಸ್ಬೇಕು, ಇವರು ತೋರಿಸಿದ್ರು.

ಇದೇ ಉಪಾಯವನ್ನ 2014ರ ಮಾರ್ಚ್‌ನಲ್ಲಿ ಚೀನಾದ ಜಿಯಾಂಗ್ಸು ಪ್ರಾಂತ್ಯದ ಶೆಯಾಂಗ್‌ನಲ್ಲೂ ಮಾಡಿದ್ರು, ಅಲ್ಲಿನ ಗ್ರಾಮೀಣ ಬ್ಯಾಂಕು ಯಾರಿಗೋ ಎರಡು ಲಕ್ಷ ಯುವಾನ್ ಕೊಡಲ್ಲ ಅಂದ್ರಂತೆ ಅಂತ ಸುದ್ದಿ ಹಬ್ಬಿ ಜನ ಮುಗಿಬಿದ್ದಾಗ ಟೆಲ್ಲರ್‌ಗಳ ಹಿಂದೆ ನೋಟಿನ ರಾಶಿ ಹಾಕಿದ್ರು. ಇದಕ್ಕೆ ಪೂರ್ತಿ ಉಲ್ಟಾ ಉದಾಹರಣೆ ಬ್ಯಾಂಕ್ ಆಫ್ ಇಂಗ್ಲೆಂಡ್. 1745ರಲ್ಲಿ ಜ್ಯಾಕೋಬೈಟ್ ಅನ್ನೋ ಬಂಡುಕೋರರ ಸೈನ್ಯ ಡರ್ಬಿ ಊರಿನ ತನಕ ಬಂತು ಅಂತ ಲಂಡನ್ ಹೆದರಿ ನೋಟು ಹಿಡ್ಕೊಂಡು ಓಡಿ ಬಂದಾಗ ಆರು ಪೆನ್ನಿಯ ಚಿಲ್ಲರೆಯಲ್ಲಿ ಎಣಿಸಿ ಎಣಿಸಿ ಕೊಟ್ಟು ಹೊತ್ತು ಕಳೆದ್ರು, ತಮ್ಮದೇ ಜನರನ್ನ ಕ್ಯೂ ಮುಂದೆ ನಿಲ್ಲಿಸಿದ್ರು ಅಂತಾನೂ ಹೇಳ್ತಾರೆ. ಆ ಬ್ಯಾಂಕು ಉಳೀತು, ನಿಜ. ಆದ್ರೆ ಸರ್ವಿಸ್ ಅಂತ ನೋಡಿದ್ರೆ ಅದು ಗ್ರಾಹಕರ ಸಮಯ ತಿಂದು ಉಳಿದದ್ದು, ಟೊಯೊಕಾವಾದವರು ದುಡ್ಡು ತೋರಿಸಿ ಉಳಿದದ್ದು, ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ನಮ್ಮ ದೇಶದಲ್ಲೂ ನೋಡಿದ್ದೀವಲ್ಲ, 2003ರ ಏಪ್ರಿಲ್‌ನಲ್ಲಿ ಗುಜರಾತ್‌ನಲ್ಲಿ ಐಸಿಐಸಿಐ ಬ್ಯಾಂಕ್ ಬಗ್ಗೆ ಸುಳ್ಳು ಸುದ್ದಿ ಹಬ್ಬಿ ಎಟಿಎಂ ಮುಂದೆ ಜನ ನಿಂತ್ರು. ಅಲ್ಲೂ ಕೆಲಸ ಮಾಡಿದ್ದು ಇದೇ ಎರಡು, ಒಂದು ದುಡ್ಡು ಕೊಡ್ತಾ ಹೋಗಿದ್ದು, ಇನ್ನೊಂದು ರಿಸರ್ವ್ ಬ್ಯಾಂಕ್ ಮುಂದೆ ಬಂದು ಮಾತಾಡಿದ್ದು. ಲಂಡನ್ನಿನ ಮೆಟ್ರೋ ಬ್ಯಾಂಕಿಗೆ 2019ರ ಮೇನಲ್ಲಿ ವಾಟ್ಸಾಪ್ ಮೆಸೇಜ್‌ನಿಂದ ಇದೇ ಗತಿ ಬಂತು, ಖಾತೆ ಖಾಲಿ ಮಾಡಿ, ಲಾಕರ್ ಖಾಲಿ ಮಾಡಿ ಅಂತ, ಹ್ಯಾರೋ ಬ್ರಾಂಚ್‌ನಲ್ಲಿ ಕ್ಯೂ. ಆ ಬ್ಯಾಂಕು ಅದೇ ವರ್ಷ ಜನವರಿಯಲ್ಲಿ ತನ್ನ ಸಾಲಗಳ ಲೆಕ್ಕದಲ್ಲಿ ಎಡವಟ್ಟಾಗಿದೆ ಅಂತ ಒಪ್ಕೊಂಡಿತ್ತು. ಕೊಜಾಕಾಯಿಗೆ 1966 ಹೇಗೋ ಅದಕ್ಕೆ ಆ ಜನವರಿ ಹಾಗೆ. ಸುಳ್ಳು ಸುದ್ದಿ ಖಾಲಿ ಜಾಗದಲ್ಲಿ ಬೆಳೆಯಲ್ಲ, ಹಿಂದೆ ಯಾವತ್ತೋ ಒಂದು ನಿಜವಾದ ಪೆಟ್ಟು ಬಿದ್ದಿರೋ ಜಾಗದಲ್ಲೇ ಬೆಳೆಯತ್ತೆ.

ಅದಕ್ಕೇ ಈ ಘಟನೆಯನ್ನ ಮೂರು ಹುಡುಗೀರ ಹರಟೆಯಿಂದ ಬ್ಯಾಂಕ್ ಮುಳುಗೋ ಹಾಗಾಯ್ತು ಅಂತ ತಮಾಷೆ ಥರ ಹೇಳೋರ ಮೇಲೆ ನನಗೆ ಸಿಟ್ಟಿದೆ. ಆ ಹುಡುಗೀರು ಏನು ಮಾಡಿದ್ರು, ಗೆಳತಿಯನ್ನ ರೇಗಿಸಿದ್ರು. ಅದೇ ಥರ ಕ್ಯೂನಲ್ಲಿ ನಿಂತವರನ್ನ ದಡ್ಡರು ಅನ್ನೋದೂ ತಪ್ಪು. 2022ರಲ್ಲಿ ನೊಬೆಲ್ ಸಿಕ್ಕ ಡೈಮಂಡ್ ಮತ್ತು ಡಿಬ್ವಿಗ್ ಅನ್ನೋ ಅರ್ಥಶಾಸ್ತ್ರಜ್ಞರು 1983ರಲ್ಲೇ ಲೆಕ್ಕ ಹಾಕಿ ತೋರಿಸಿದ್ದು ಇದನ್ನೇ, ಉಳಿದವರೆಲ್ಲ ದುಡ್ಡು ತೆಗೀತಾರೆ ಅಂತ ನನಗೆ ಅನ್ನಿಸಿದ್ರೆ ಬ್ಯಾಂಕ್ ಎಷ್ಟೇ ಚೆನ್ನಾಗಿದ್ರೂ ನಾನೂ ಮೊದಲೇ ಹೋಗಿ ತೆಗೆಯೋದೇ ಬುದ್ಧಿವಂತಿಕೆ. ಡ್ರೈ ಕ್ಲೀನಿಂಗ್ ಅಂಗಡಿಯವರು ಒಮ್ಮೆ ನಂಬಿ ಕಳ್ಕೊಂಡಿದ್ರು, ಎರಡನೇ ಸಲ ಕಾಯ್ಲಿಲ್ಲ. ಅವರ ಜಾಗದಲ್ಲಿ ಯಾರೇ ಇದ್ರೂ ಹೋಗ್ತಿದ್ರು.

ಇಲ್ಲಿ ಇನ್ನೊಂದು ವಿಷಯ ನನ್ನನ್ನ ಕಾಡತ್ತೆ. ಜಪಾನಿನಲ್ಲಿ ಡೆಪಾಸಿಟ್ ವಿಮೆ 1971ರಲ್ಲೇ ಶುರುವಾಗಿತ್ತು, ಅವತ್ತಿನ ಮಿತಿ ತಲಾ 10 ಲಕ್ಷ ಯೆನ್. ಅಂದ್ರೆ ಫೋನ್ ಮಾಡಿದವರ 12 ಲಕ್ಷ, ಅಂಗಡಿಯವರ 18 ಲಕ್ಷ ಎರಡೂ ಮಿತಿ ದಾಟಿದ್ವು, ಅಂಗಡಿಯವರು ಹೆದರಿದ್ದಕ್ಕೆ ಅರ್ಥ ಇದೆ. ಆದ್ರೆ 59 ಜನರ ಸರಾಸರಿ ಎಂಟೂವರೆ ಲಕ್ಷ, ಅಂದ್ರೆ ಅಲ್ಲಿ ನಿಂತ ಎಷ್ಟೋ ಜನರ ದುಡ್ಡು ಬ್ಯಾಂಕ್ ಮುಳುಗಿದ್ರೂ ವಾಪಸ್ ಬರೋದಾಗಿತ್ತು, ಆದ್ರೂ ನಿಂತ್ರು. ವಿಮೆ ಕಾಗದದಲ್ಲಿ ಇದ್ರೆ ಸಾಲದು, ಜನರಿಗೆ ಅದು ನೆಂಟರ ಫೋನ್ ನಂಬರ್ ಥರ ನೆನಪಿರಬೇಕು. ಮುಂದಿನ ವರ್ಷವೇ, 1974ರಲ್ಲಿ, ಜಪಾನ್ ಆ ಮಿತಿಯನ್ನ 30 ಲಕ್ಷಕ್ಕೆ ಏರಿಸ್ತು. ನಮ್ಮಲ್ಲಿ ಈಗ 5 ಲಕ್ಷ ರೂಪಾಯಿ ಇದೆ, 2020ರ ಫೆಬ್ರವರಿಯಿಂದ, ಅದಕ್ಕೆ ಮುಂಚೆ 1993ರಿಂದ ಬರೀ ಒಂದು ಲಕ್ಷ ಇತ್ತು.

ಇನ್ನು ಪೊಲೀಸರದ್ದು. ಬ್ಯಾಂಕಿನ ಹೆಸರು ಕೆಡಿಸಿ ವ್ಯವಹಾರಕ್ಕೆ ಅಡ್ಡಿ ಮಾಡೋ ಸಂಚು ಇರಬಹುದು ಅಂತ ಅನುಮಾನಪಟ್ಟು ಅವರು ತನಿಖೆಗೆ ಇಳಿದ್ರು. ಯಾರು ಯಾರಿಂದ ಕೇಳಿದ್ರು ಅಂತ ಹಿಂದೆ ಹಿಂದೆ ಹೋಗಿ ಬ್ಯೂಟಿ ಪಾರ್ಲರ್, ನೆಂಟರ ಮನೆ, ಕೊನೆಗೆ ಆ ಟ್ರೇನ್ ಬೋಗಿ ತನಕ ತಲುಪಿ ಡಿಸೆಂಬರ್ 16ಕ್ಕೇ ಇಡೀ ಸರಪಳಿಯನ್ನ ಬಹಿರಂಗ ಮಾಡಿದ್ರು. ಸಂಚು ಏನೂ ಇರ್ಲಿಲ್ಲ. ಇದನ್ನ ನಾನು ಈ ಇಡೀ ಪ್ಯಾಕೇಜಿನಲ್ಲಿ ಅತಿ ಕಡಿಮೆ ಹೊಗಳಿಸ್ಕೊಂಡ ಕೆಲಸ ಅಂತೀನಿ. ಸುದ್ದಿ ಸುಳ್ಳು ಅಂತ ಹೇಳೋದು ಒಂದು, ಈ ಸುದ್ದಿ ಇಂಥ ದಿನ ಇಂಥ ಕಡೆ ಹೀಗೆ ಹುಟ್ಟಿ ಹೀಗೆ ನಿಮ್ಮ ಮನೆಗೆ ಬಂತು ಅಂತ ತೋರಿಸೋದು ಇನ್ನೊಂದು. ಎರಡನೇದನ್ನ ಕೇಳಿದ ಮೇಲೆ ಜನರಿಗೆ ತಮಗೆ ತಾವೇ ಸಮಾಧಾನ ಆಗತ್ತೆ, ಮುಚ್ಚಿಟ್ಟಿದ್ದು ಏನೋ ಇದೆ ಅನ್ನೋ ಕೊರಗು ಹೋಗತ್ತೆ.

ರೇಟಿಂಗ್ ಕೇಳೋರಿಗೆ, ಐದಕ್ಕೆ ನಾಲ್ಕು. ಹೋದ ಒಂದು ಆ ಹೇಳಿಕೆಗೆ. 12ನೇ ತಾರೀಕಿನ ಹೊತ್ತಿಗೇ ಊರಲ್ಲಿ ಗುಸುಗುಸು ಎಲ್ಲಾ ಕಡೆ ಇತ್ತು, ಇಂಥ ಸಣ್ಣ ಊರಲ್ಲಿ ಬ್ರಾಂಚಿನವರ ಕಿವಿಗೆ ಅದು ಒಂದು ದಿನ ಮುಂಚೆ ಬಿದ್ದು, ಆವಾಗಲೇ ನಗೋಯಾಗೆ ಫೋನ್ ಹೋಗಿದ್ರೆ 13ರ ಬೆಳಗ್ಗೆ ಆ ನೋಟಿನ ಗೋಡೆ ಕೊಜಾಕಾಯಿಯಲ್ಲೇ ನಿಂತಿರ್ತಿತ್ತು ಅಂತ ನನ್ನ ಆಸೆ. ಟೊಯೊಕಾವಾ ಶಿಂಕಿನ್ ಇವತ್ತಿಗೂ ಇದೆ, ಕೊಜಾಕಾಯಿ ಟೌನೇ 2010ರಲ್ಲಿ ಟೊಯೊಕಾವಾ ಸಿಟಿ ಒಳಗೆ ಸೇರ್ಕೊಂಡಿದೆ.

ಸಹಕಾರಿ ಬ್ಯಾಂಕು, ಸೊಸೈಟಿ ಇಂಥದ್ದರ ಆಡಳಿತ ಮಂಡಳಿಯಲ್ಲಿ ಇರೋರು ಯಾರಾದ್ರೂ ಇದನ್ನ ಓದ್ತಿದ್ರೆ ನನ್ನದೊಂದು ಕೋರಿಕೆ. ನಿಮ್ಮ ಬ್ರಾಂಚಲ್ಲಿ ನಾಳೆ ಇಂಥದ್ದು ಶುರುವಾದ್ರೆ ಹೆಚ್ಚುವರಿ ಕ್ಯಾಶ್ ಯಾವ ಕರೆನ್ಸಿ ಚೆಸ್ಟಿಂದ ಬರತ್ತೆ, ಎಷ್ಟು ಗಂಟೆಯೊಳಗೆ ಬರತ್ತೆ, ಕೌಂಟರ್ ಹತ್ತಿರ ಬಂದು ನಿಲ್ಲೋ ದೊಡ್ಡವರು ಯಾರು, ಇದನ್ನ ಇವತ್ತೇ ಬರೆದಿಡಿ. ಡೆಪಾಸಿಟ್ ವಿಮೆಯ ಬೋರ್ಡ್ ಮೂಲೆಯಲ್ಲಿ ಕ್ಯಾಲೆಂಡರ್ ಹಿಂದೆ ಇದ್ರೆ ಅದನ್ನ ತೆಗೆದು ಕ್ಯಾಶ್ ಕೌಂಟರ್ ಗಾಜಿನ ಪಕ್ಕ ಹಾಕಿ, ಅಕ್ಷರ ದೊಡ್ಡದಿರಲಿ, ಕನ್ನಡದಲ್ಲಿರಲಿ.